ಬಾಯಲ್ಲಿ ಮೂವತ್ತಾರು, ಪುಸ್ತಕದಲ್ಲಿ ನಲವತ್ತು

ಮೂಲೆಯಂಗಡಿಯ ದರ್ಜಿಗೆ ಬೀದಿಯವರೆಲ್ಲ ಇಟ್ಟ ಹೆಸರು ಟೇಪು ಮಾವ. ಊಟಕ್ಕೆ ಕೂತಾಗಲೂ ಅವರ ಕೊರಳಲ್ಲಿ ಅಳತೆಯ ಟೇಪು ಇಳಿಬಿದ್ದಿರುತ್ತಿತ್ತು. ಗಿರಾಕಿಯ ಸೊಂಟಕ್ಕೆ ಅದನ್ನು ಸುತ್ತಿ "ಮೂವತ್ತಾರು!" ಎಂದು ಬಾಯ್ತುಂಬ ಕೂಗುವರು, ಅಳತೆ ಪುಸ್ತಕದಲ್ಲಿ ಮಾತ್ರ ಸದ್ದಿಲ್ಲದೆ ನಲವತ್ತು ಬೀಳುತ್ತಿತ್ತು. ಪ್ಯಾಂಟು ನಲವತ್ತಕ್ಕೇ ಹೊಲಿದಿರುವುದರಿಂದ ಯಾರ ಹೊಟ್ಟೆಗೂ ತೊಂದರೆಯಿಲ್ಲ. ಬ್ಯಾಂಕಿನ ಮ್ಯಾನೇಜರಿಂದ ಹಿಡಿದು, ಪರೀಕ್ಷೆಗೆ ಓದಿ ಓದಿ ಕೂತಲ್ಲೇ ದಪ್ಪಗಾದ ಕಾಲೇಜು ಹುಡುಗರವರೆಗೆ ಎಲ್ಲರೂ ಹಿಗ್ಗಿಕೊಂಡು ಹೋಗುತ್ತಿದ್ದರು. ಹೆಂಡತಿ ಆಕ್ಷೇಪಿಸಿದರೆ ಮಾವ ನಗುವರು: "ಮನಸ್ಸಿಗೂ ನಾಲ್ಕಿಂಚು ಜಾಗ ಬಿಡ್ಬೇಕು ಕಣೇ."

ಊರವರ ಸುತ್ತಳತೆಯೆಲ್ಲ ಬಲ್ಲ ಈ ಮಹಾನುಭಾವರು ತಮ್ಮ ವಿಷಯ ಬಂದರೆ ಶುದ್ಧ ಪುಕ್ಕಲು. ಸಕ್ಕರೆ ಕಾಯಿಲೆ ಇರಬಹುದೆಂದು ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟ ಚೀಟಿ ಮೂರು ತಿಂಗಳಿಂದ ಮೆಷಿನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಕೆಳಗೆ, ಹಾಯಾಗಿ ಮಲಗಿತ್ತು. ಹೆಂಡತಿ ನೆನಪಿಸಿದಾಗಲೆಲ್ಲ ಒಂದೊಂದು ಸಬೂಬು. ಒಂದು ದಿನ ಶಾಲೆಯ ಸಮವಸ್ತ್ರ ಮುಗಿಯಬೇಕು, ಇನ್ನೊಂದು ದಿನ ಕತ್ತರಿ ಸಾಣೆಗೆ ಕೊಡಬೇಕು. ದಿನವಿಡೀ ಸೂಜಿ ಹಿಡಿಯುವವರಿಗೆ ಸೂಜಿಯ ಹೆದರಿಕೆ ಎಲ್ಲಿಂದ ಬರಬೇಕು? ಅವರು ಹೆದರಿದ್ದು ಹಾಳೆಯ ಮೇಲೆ ಬೀಳುವ ಅಂಕಿಗೆ.

ಒಂದು ಸಂಜೆ ಮಾವ ಕಾಲು ಚಾಚಿ ಕೂತಿದ್ದಾಗ ಹೆಂಡತಿಯ ಕಣ್ಣು ಅವರ ಹಿಮ್ಮಡಿಯ ಮೇಲೆ ಬಿತ್ತು. ಅಲ್ಲೊಂದು ಗುಂಡುಸೂಜಿ ತಲೆಯವರೆಗೂ ಚುಚ್ಚಿಕೊಂಡಿತ್ತು.

"ಇದ್ಯಾವಾಗ ಚುಚ್ತು?"

"ಯಾವ್ದು?" ಎಂದರು ಮಾವ. ಅವರಿಗೆ ಗೊತ್ತೇ ಆಗಿರಲಿಲ್ಲ.

ಸಕ್ಕರೆ ಏರಿದರೆ ಪಾದಕ್ಕೆ ನೋವೇ ತಿಳಿಯದೆಂದು ಡಾಕ್ಟರು ಹೇಳಿದ್ದು ಆಕೆಗೆ ನೆನಪಾಯಿತು. ಬೈಯಲಿಲ್ಲ. ಸೂಜಿ ಕಿತ್ತು, ಗಾಯ ತೊಳೆದು ಬಟ್ಟೆ ಕಟ್ಟಿ, ಅವರ ಕೊರಳಿನ ಟೇಪು ಎಳೆದುಕೊಂಡಳು. "ಎದ್ದು ನಿಂತ್ಕೊಳ್ಳಿ." ಸೊಂಟಕ್ಕೆ ಸುತ್ತಿ "ಮೂವತ್ತಾರು!" ಎಂದು ಕೂಗಿ, ಪುಸ್ತಕದಲ್ಲಿ ಏನೋ ಗೀಚಿದಳು. ಮಾವ ಬಗ್ಗಿ ನೋಡಿದರೆ ನಲವತ್ತೆರಡು.

"ನನ್ನ ವಿದ್ಯೆ ನನ್ಗೇ ತೋರಿಸ್ತೀಯಾ!"

"ಬಾಯಲ್ಲಿ ಏನಾದ್ರೂ ಅನ್ನಿ, ಪುಸ್ತಕದಲ್ಲಿ ನೀವು ಯಾವತ್ತೂ ಸುಳ್ಳು ಬರೆದವರಲ್ಲ. ಈ ಕಾಯಿಲೆಗೆ ಮಾತ್ರ ಪುಸ್ತಕದಲ್ಲಿ ಅಂಕೀನೇ ಇಲ್ಲ. ಅಳತೆ ಇಲ್ದೆ ಬಟ್ಟೆ ಕತ್ತರಿಸ್ತೀರಾ?" ಆಕೆ ಪುಸ್ತಕ ಮುಚ್ಚಿದಳು. "ನಂಗೆ ಭಯ ಆಗ್ತಿದೆ ರೀ."

"ನಂಗೂ," ಎಂದರು ಮಾವ. ಮೂರು ತಿಂಗಳಲ್ಲಿ ಅವರಾಡಿದ ಮೊದಲ ನಿಜ ಅದು.

ಮರುದಿನ ಬೆಳಿಗ್ಗೆ ಗುಂಡಿಗಳನ್ನೆಲ್ಲ ಚೆಲ್ಲಾಡಿ ಚೀಟಿ ಹುಡುಕಿದರು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಲ್ಯಾಬಿಗೆ ಹೋಗಿ, ರಕ್ತ ಕೊಟ್ಟು, ಇಬ್ಬರೂ ಬೆಂಚಿನ ಮೇಲೆ ಕಾದರು. ಲ್ಯಾಬಿನ ಹುಡುಗಿ ಅವರದೇ ಗಿರಾಕಿ. ಬಾಯಲ್ಲಿ ಇಪ್ಪತ್ತೆಂಟು, ಪುಸ್ತಕದಲ್ಲಿ ಮೂವತ್ತೆರಡು. ವರದಿ ನೋಡಿದ ಆಕೆ ಮಾವನ ಮುಖವನ್ನೊಮ್ಮೆ ನೋಡಿ ಹಾಳೆ ಮಡಚಿದಳು.

"ಅಂಥಾದ್ದೇನಿಲ್ಲ ಮಾವ, ಒಂಚೂರು ಜಾಸ್ತಿ ಅಷ್ಟೆ."

"ಬಾಯಿಂದು ಬೇಡಮ್ಮ," ಎಂದರು ಮಾವ. "ಬರೆದಿರೋದು ಓದು."

"ಇನ್ನೂರ ಹತ್ತು."

ಮಾವ ಪುಸ್ತಕ ಬಿಡಿಸಿ, ನಲವತ್ತೆರಡರ ಕೆಳಗೆ ಇನ್ನೂರ ಹತ್ತು ಎಂದು ದುಂಡಗೆ ಬರೆದರು. ಆಮೇಲೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಹೆಂಡತಿಯತ್ತ ತಿರುಗಿದರು.

"ಅಳತೆ ಸಿಕ್ತಲ್ಲ, ನಡಿ ಡಾಕ್ಟರ ಹತ್ರ. ಕೆಲಸ ಶುರು ಮಾಡೋಣ."