ಮೂರನೇ ಸಾಲಿನ ಅತ್ತಿಗೆ

ಪ್ರತಿ ಶನಿವಾರ ನಡೆಯುವ ಆ ನಗೆನಾಟಕಕ್ಕೆ ಮೊದಲ ಸಲ ಹೋದಾಗ ಪಕ್ಕದ ಕುರ್ಚಿಯ ಹೆಂಗಸಿಗೆ ತಲೆ ಸರಿಯಿಲ್ಲ ಅಂದುಕೊಂಡೆ. ರಂಗದ ಮೇಲೆ ಅಣ್ಣತಮ್ಮಂದಿರು ಮನೆ ಪಾಲಿಗಾಗಿ ಕಿತ್ತಾಡುತ್ತಿದ್ದರು. ಈಕೆ ಮೂರನೇ ಸಾಲಿನಲ್ಲಿ ಎದ್ದು ನಿಂತು, ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು, ಅಡುಗೆಮನೆ ಯಾರ ಪಾಲಿಗೆ ಅನ್ನೋದು ಮೊದಲು ತೀರ್ಮಾನವಾಗಲಿ ಎಂದು ಗದರಿದರು. ಪಾಪ, ನಾಟಕವನ್ನು ನಿಜ ಅಂತ ನಂಬಿಬಿಟ್ಟಿದ್ದಾರೆ ಎಂದು ನನ್ನ ಕರುಳು ಚುರುಕ್ ಅಂದಿತು. ಮೆಲ್ಲಗೆ ಮೊಣಕೈ ಮುಟ್ಟಿ, "ಕೂತ್ಕೊಳ್ಳಿ ಅಮ್ಮಾ, ಇದೆಲ್ಲ ಸುಳ್ಳು" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಹುಡುಗ ದೊಡ್ಡವನ ಕಡೆಯವನು, ನನ್ನ ಬಾಯಿ ಮುಚ್ಚಿಸೋಕೆ ಬಂದಿದ್ದಾನೆ ಎಂದು ಇಡೀ ಸಭೆಗೆ ಸಾರಿದರು.

ಆಮೇಲೆ ನೋಡಿದರೆ, ನಟರು ನನ್ನ ಕೈ ಹಿಡಿದೆಳೆದು ರಂಗದ ಮೇಲೆ ನಿಲ್ಲಿಸಿದ್ದರು, ದೊಡ್ಡಣ್ಣನ ವಕೀಲನಾಗಿ. ಪಂಪ್‌ಸೆಟ್ ಕಂಪನಿಯಲ್ಲಿ ಫೋನೆತ್ತಿ ಗಿರಾಕಿಗಳ ದೂರು ಕೇಳುವುದು ನನ್ನ ಹೊಟ್ಟೆಪಾಡು. ಬೈಸಿಕೊಂಡು ಕ್ಷಮೆ ಕೇಳುವುದಕ್ಕೇ ನನಗೆ ಸಂಬಳ. ವಾದ ಮಾಡಯ್ಯಾ ಅಂದರೆ ಬಾಯಿಗೆ ಬಂದದ್ದು "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಎಂಬುದೊಂದೇ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನೊಳಗೊಬ್ಬ ನಟನಿದ್ದಾನೆಂದು ಬೀಗುತ್ತಾ ಮನೆಗೆ ಹೋದೆ.

ಒಂದು ದಿನ ಪ್ಯಾಂಟಿನ ಜಿಪ್ಪು ಕಿತ್ತುಹೋಗಿ, ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗಿರುವ ರಿಪೇರಿ ಅಂಗಡಿಗೆ ಹೋದೆ. ಹೊಲಿಗೆ ಯಂತ್ರದ ಹಿಂದೆ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದವರು ಅವರೇ. ನೀವು ಆ ನಾಟಕದಲ್ಲಿ... ಎಂದು ಬಾಯಿ ತೆರೆಯುವಷ್ಟರಲ್ಲಿ ಕತ್ತರಿ ನನ್ನ ಮೂಗಿನ ತುದಿಗೆ ಬಂದಿತ್ತು. ಆಮೇಲೆ ಪಿಸುದನಿಯಲ್ಲಿ ಗುಟ್ಟು ಬಿಚ್ಚಿದರು: ಅವರು ನಾಟಕದ ತಂಡದವರೇ. ಪ್ರೇಕ್ಷಕರ ಹಾಗೆ ಸಾಲಿನಲ್ಲಿ ನಿಂತು, ಟಿಕೆಟ್ ಹರಿಸಿಕೊಂಡು ಒಳಗೆ ಹೋಗಿ, ಸಮಯ ನೋಡಿ ಜಗಳ ಎಬ್ಬಿಸಬೇಕು. ಒಬ್ಬರು ಎದ್ದರೆ ಉಳಿದವರ ಸಂಕೋಚವೂ ಹೋಗಿ, ಎಲ್ಲರೂ ಆ ಮನೆಯ ನೆಂಟರಾಗುತ್ತಾರೆ. ತಂಡದವರೆಲ್ಲ ಅವರನ್ನು ಅತ್ತಿಗೆ ಅನ್ನುತ್ತಿದ್ದರು, ನಾನೂ ಅಂದೆ. ನಾಟಕದ ಮ್ಯಾನೇಜರು ಏನಾದರೂ ಹೇಳಬೇಕಿದ್ದರೆ ಗಿರಾಕಿಯ ಹಾಗೆ ಪ್ಯಾಂಟು ಹಿಡಿದುಕೊಂಡೇ ಅಂಗಡಿಗೆ ಬರುತ್ತಿದ್ದರು. ಗಿಡ್ಡ ಮಾಡಿಸಿ ಮಾಡಿಸಿ ಅದೀಗ ಮೊಣಕಾಲಿಗೆ ಬಂದಿತ್ತು.

ಇಷ್ಟು ಗುಟ್ಟು ಯಾಕೆ ಅಂದರೆ, ಮುಖ ಗುರುತಾದ ದಿನ ಕುರ್ಚಿ ಹೋಯಿತು ಅಂತಲೇ ಲೆಕ್ಕ. ಅತ್ತಿಗೆಗೆ ಆ ಕುರ್ಚಿ ಅಂದರೆ ಪ್ರಾಣ. "ಅಂಗಡೀಲಿ ಬಾಯಲ್ಲಿ ಪಿನ್ನು, ಮನೇಲಿ ಬಾಯಿಗೆ ಬೀಗ. ಅಲ್ಲಿ ಮಾತ್ರ ನಾನು ಮಾತಾಡಿದ್ರೆ ಜನ ತಿರುಗಿ ನೋಡ್ತಾರೆ" ಅನ್ನುತ್ತಿದ್ದರು. ಮನೆಯಲ್ಲಿ ಶನಿವಾರದ ಸಂಜೆ ದಾರದ ಉಂಡೆ ತರಲು ಹೋಗುವುದಾಗಿ ಹೇಳಿದ್ದರಂತೆ. ಆ ಲೆಕ್ಕದಲ್ಲಿ ಮನೆ ತುಂಬ ದಾರವೇ ಇರಬೇಕಿತ್ತು.

ಜಗಳಕ್ಕೆ ಸರಕು ಮಾತ್ರ ಮನೆಯದೇ. ಮೈದುನನ ಹೆಂಡತಿ, ಅಂದರೆ ಅವರ ಓರಗಿತ್ತಿ, ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದವಳು. ಅವಳು ಒಂದು ತಟ್ಟೆ ತೊಳೆದು ಬೀದಿಗೆ ಕೇಳುವ ಹಾಗೆ ಉಸ್ಸಪ್ಪಾ ಅನ್ನುವುದು, ಬಿಸಿನೀರೆಲ್ಲ ಖಾಲಿ ಮಾಡಿ ಹಾಡು ಹೇಳಿಕೊಂಡು ಹೊರಬರುವುದು ಪ್ರತಿವಾರ ಹೊಸ ಉಪ್ಪುಖಾರದೊಂದಿಗೆ ಮೂರನೇ ಸಾಲಿನಿಂದ ಹೊರಡುತ್ತಿತ್ತು.

ಒಂದು ಶನಿವಾರ ನಾನೂ ಅಲ್ಲಿದ್ದೆ. ಅತ್ತಿಗೆ ಎದ್ದು, ನಮ್ಮನೇಲೂ ಒಬ್ಬಳಿದ್ದಾಳೆ, ನನ್ನ ಒಳ್ಳೇ ಕತ್ತರಿಯನ್ನೇ ಬಚ್ಚಿಟ್ಟಿದ್ದಾಳೆ ಎಂದು ಶುರು ಮಾಡಿದ್ದಷ್ಟೇ, ಹಿಂದಿನ ಸಾಲಿನಿಂದ ತಣ್ಣಗೆ ಒಂದು ದನಿ ಬಂತು.

"ಯಾಕೆ ಬಚ್ಚಿಟ್ಟೆ ಅಂತಾನೂ ಹೇಳಿ, ಅಕ್ಕಾ."

ಆಸ್ಪತ್ರೆಯ ಗೆಳತಿಯರ ಜೊತೆ ಓರಗಿತ್ತಿ ನಾಟಕ ನೋಡಲು ಬಂದಿದ್ದಳು. ಅತ್ತಿಗೆಯ ಮುಖ ಸುಣ್ಣವಾಯಿತು. ಸಭೆ ಮಾತ್ರ ಇದೂ ನಾಟಕವೇ ಎಂದುಕೊಂಡು ಚಪ್ಪಾಳೆ ತಟ್ಟಿತು. ಓರಗಿತ್ತಿ ಬಿಡಲಿಲ್ಲ. ಅತ್ತಿಗೆ ತನ್ನ ಕಿಟಕಿಯ ಹೊಸ ಪರದೆ ಕತ್ತರಿಸಿ ಯಾರದೋ ಕೋಟಿಗೆ ಅಸ್ತರು ಹಾಕಿದ್ದನ್ನು, ತಾನು ಕೇಳಿದರೆ ಇಲಿ ತಿಂದಿತು ಅಂದದ್ದನ್ನು ಎಳೆಎಳೆಯಾಗಿ ಬಿಚ್ಚಿದಳು. ಅತ್ತಿಗೆಗೆ ದನಿ ಮರಳಿತು. ಅಂಥಾ ಪರದೆಯನ್ನು ಇಲಿಯೂ ಮೂಸುತ್ತಿರಲಿಲ್ಲ ಅಂದರು. ಜನ ಓರಗಿತ್ತಿಯ ಪರದೆ ಪಕ್ಷ, ಅತ್ತಿಗೆಯ ಕತ್ತರಿ ಪಕ್ಷ ಎಂದು ಎರಡಾದರು. ರಂಗದ ಮೇಲಿನ ಅಣ್ಣತಮ್ಮಂದಿರು ತಮ್ಮ ಜಗಳ ಮರೆತು ಸೋಫಾದ ಮೇಲೆ ಕೂತು ಇವರದನ್ನು ನೋಡತೊಡಗಿದರು. ನಾನು ಪರದೆ ಪಕ್ಷ.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ವಾರ ಕಳೆಯುವುದರೊಳಗೆ ತರಕಾರಿಯವನೂ ಅತ್ತಿಗೆಯನ್ನು ಕಂಡು, ಅಕ್ಕಾ, ಇಲಿ ಸಿಕ್ತಾ ಅನ್ನುವ ಹಾಗಾಯಿತು. ಮ್ಯಾನೇಜರು ಅಂಗಡಿಗೆ ಬಂದಾಗ ಕೈಯಲ್ಲಿ ಪ್ಯಾಂಟು ಇರಲಿಲ್ಲ. ಅತ್ತಿಗೆಗೆ ಆಗಲೇ ಅರ್ಥವಾಯಿತಂತೆ. ನೀವೂ ನಿಮ್ಮ ಓರಗಿತ್ತಿಯೂ ಇಬ್ಬರೂ ದೀಪದ ಕೆಳಗೆ, ರಂಗದ ಮೇಲೆ ಬನ್ನಿ ಎಂದು ಅವರು ಕರೆದರು. ದೀಪ ಕಣ್ಣಿಗೆ ಹೊಡೆದರೆ ಜನರ ಮುಖ ಕಾಣಲ್ಲ, ಮುಖ ಕಾಣದೆ ಜಗಳ ಹೇಗಾಡೋದು, ನನ್ನ ಕುರ್ಚಿ ಕೊಡಿ ಸಾಕು ಎಂದು ಅತ್ತಿಗೆ ಪಟ್ಟು ಹಿಡಿದರು. ಅದು ಆಗುವ ಮಾತಾಗಿರಲಿಲ್ಲ.

ಓರಗಿತ್ತಿ ಮಾತ್ರ ಕರೆದ ದಿನವೇ ಒಪ್ಪಿಕೊಂಡಳು. ಈಗ ಅವಳೇ ರಂಗದ ಮೇಲಿನ ಕಿರಿಯ ಸೊಸೆ. ಬೀದಿಯಲ್ಲಿ ಹೋದರೆ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಅವಳ ರವಿಕೆಗೆ ಜರಿಯಂಚು ಹೊಲಿದುಕೊಟ್ಟವರು ಅತ್ತಿಗೆಯೇ.

ಮೊನ್ನೆ ಅಂಗಿಯ ಗುಂಡಿ ಹಾಕಿಸಲು ಹೋದವನು, ನಾಲಿಗೆ ತುರಿಕೆ ತಡೆಯಲಾರದೆ ಕೇಳಿಬಿಟ್ಟೆ: ನಿಮ್ಮ ಜಾಗ ಹೋಗಿ ಅವಳಿಗೆ ಸಿಕ್ಕಿತಲ್ಲ ಅತ್ತಿಗೆ, ಹೊಟ್ಟೆಕಿಚ್ಚಾಗಲ್ವಾ?

ಅತ್ತಿಗೆ ಹಲ್ಲಲ್ಲಿ ದಾರ ಕಡಿದರು.

"ಆಗ್ದೆ ಏನು? ಅದಕ್ಕೇ ಪ್ರತಿ ಶನಿವಾರ ಟಿಕೆಟ್ ತಗೊಂಡು ಮೊದಲನೇ ಸಾಲಲ್ಲಿ ಅವಳ ಎದುರಿಗೇ ಕೂತು, ಕೊನೇವರೆಗೂ ನಗದೇ ಎದ್ದು ಬರ್ತೀನಿ."