ಅಂಗನವಾಡಿಗೆ ಅಂಕ ಹಾಕಿದ್ದು

ನನಗೆ ಅಂಕ ಹಾಕುವ ಚಟವಿದೆ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದ ಗಂಡುಗಳಿಗೂ ಡೈರಿಯಲ್ಲಿ ತಾರೀಖು ಸಮೇತ ಹಾಕಿಟ್ಟಿದ್ದೆ. ಹತ್ತಕ್ಕೆ ಆರೂವರೆ ಬಂದವನನ್ನು ಮದುವೆಯಾದೆ. ಆ ಅರ್ಧ ಅಂಕ ಯಾವುದಕ್ಕೆ ಎಂದು ಅವನು ಇವತ್ತಿಗೂ ಕೇಳುತ್ತಾನೆ. ಮೀನಿನ ಮುಳ್ಳು ಬಿಡಿಸುವ ಚೆಂದಕ್ಕೆ ಎಂದು ನಾನಿನ್ನೂ ಹೇಳಿಲ್ಲ.

ಇಂಥವಳು ನಾಲ್ಕು ತುಂಬಿದ ಮಗಳು ಸಾನ್ವಿಯನ್ನು ಕಣ್ಣುಮುಚ್ಚಿ ಎಲ್ಲಿಗೋ ಕಳಿಸುತ್ತೇನೆಯೇ? ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ನನ್ನ ನೌಕರಿ ಅಂಕೋಲೆಯಲ್ಲಿ, ತವರು ಅಂಕೋಲೆ ಪಕ್ಕದ ಭಾವಿಕೇರಿಯಲ್ಲಿ. ನನ್ನ ರಜೆ ಮುಗಿಯುವುದರೊಳಗೆ ಈ ಮೂರು ಊರುಗಳಲ್ಲಿ ಒಂದು ಕಡೆ ಮಗು ನೆಲೆಯೂರಬೇಕಿತ್ತು. ಒಂದೊಂದು ಕಡೆ ಒಂದೊಂದು ವಾರ ಕೂರಿಸಿ ನೋಡುವುದೆಂದು ಗೊತ್ತುಮಾಡಿದೆ. ಡೈರಿಯಲ್ಲಿ ಗೆರೆ ಎಳೆದು ಐದು ವಿಷಯ ಬರೆದೆ: ಕಟ್ಟಡ, ಆಟಿಕೆ, ಊಟ, ಅಕ್ಕೋರ ದನಿ, ಶೌಚಾಲಯ. ಒಂದೊಂದಕ್ಕೆ ಹತ್ತರಂತೆ ಒಟ್ಟು ಐವತ್ತು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರು. ಅಂಗನವಾಡಿಯವರಿಗೂ ಆ ಗೌರವ ತಪ್ಪಿದ್ದಲ್ಲ.

ಕೋಡಿಬಾಗದ ಒಂದು ಸರ್ಕಾರಿ ಶಾಲೆಯ ಎಲ್‌ಕೆಜಿಗೆ ನಲವತ್ತೊಂದು ಬಂತು. ಗೋಡೆಗೆಲ್ಲ ರೈಲಿನ ಚಿತ್ರ, ಒಳಗೆ ಬಣ್ಣದ ಕುರ್ಚಿ. ಶೌಚಾಲಯಕ್ಕೂ ಬಿಳಿ ಟೈಲ್ಸ್. ಆದರೆ ಯಾವ ಪುಣ್ಯಾತ್ಮನೋ ಕೂರುವ ಜಾಗದ ಎದುರಿನ ಗೋಡೆಯ ಮೇಲೆ ಬಾಯಿ ತೆರೆದ ಮೊಸಳೆ ಬರೆದಿಟ್ಟಿದ್ದ. ಸಾನ್ವಿ ಅದನ್ನು ನೋಡಿದವಳೇ ಚಡ್ಡಿ ಗಟ್ಟಿ ಹಿಡಿದುಕೊಂಡು ಹೊರಗೆ ಬಂದಳು. ಆಮೇಲೆ ಒಂದು ವಾರ ಆ ಬಾಗಿಲ ಕಡೆ ತಲೆ ಹಾಕಲಿಲ್ಲ.

ಅಂಕೋಲೆಯ ಅಂಗನವಾಡಿಗೆ ಮೂವತ್ತೆಂಟು. ಅಲ್ಲಿ ಮೊಸಳೆ ಇರಲಿಲ್ಲ, ಬೀಗ ಇತ್ತು. ಶೌಚಾಲಯ ಹೊಸದು, ಹೊಲಸಾಗಬಾರದೆಂದು ಕೀಲಿ ಅಕ್ಕೋರ ಪರ್ಸಿನಲ್ಲಿ. ಕಿರುಬೆರಳು ಎತ್ತುವುದೇ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಮೊದಲ ಗಣಿತ. ಸಾನ್ವಿ ಬೆರಳನ್ನೇನೋ ಎತ್ತಿದಳು. ಅಕ್ಕೋರು ಪರ್ಸು ಹುಡುಕಿ, ಪರ್ಸಿನೊಳಗೆ ಕೀಲಿ ಹುಡುಕುವಷ್ಟರಲ್ಲಿ ಇಳಿಸಿಬಿಟ್ಟಳು. ಮರುದಿನದಿಂದ ಎತ್ತಲೇ ಇಲ್ಲ. ಮನೆ ಮುಟ್ಟುವವರೆಗೆ ತಡೆದುಕೊಂಡು, ಚಪ್ಪಲಿಯನ್ನೂ ಬಿಡದೆ ಬಚ್ಚಲಿಗೆ ಓಡುತ್ತಿದ್ದಳು. ವಾರದ ಕೊನೆಗೆ ಉರಿ, ಜ್ವರ.

"ಹೀಗೆ ತಡ್ಕೊಳ್ತಾ ಇದ್ರೆ ಮತ್ತೆ ಮತ್ತೆ ಬರ್ತದೆ. ಅಲ್ಲಿಗೆ ಕಳಿಸೋದು ಬಿಡಿ, ಇಲ್ಲಾ ಅಲ್ಲೇ ಹೋಗೋ ಹಾಗೆ ಮಾಡಿ" ಎಂದರು ಡಾಕ್ಟರು.

"ಕೆಲ್ಸ ನೀ ಬಿಡ್ತ್ಯಾ, ನಾ ಬಿಡ್ಲಾ?" ಎಂದ ಗಂಡ. ಆರೂವರೆಯವನು ಕೇಳಿದ ಹತ್ತು ಅಂಕದ ಪ್ರಶ್ನೆ. ಉತ್ತರ ಬರೆಯಲು ನನ್ನ ರಜೆಯೂ ಹೆಚ್ಚು ಉಳಿದಿರಲಿಲ್ಲ.

ಜ್ವರ ಬಿಟ್ಟ ಮೇಲೆ ಭಾವಿಕೇರಿ. ತವರುಮನೆಯ ಹಿಂದಿನ ಆ ಒಂದೇ ಕೋಣೆಯ ಅಂಗನವಾಡಿಗೆ ಧಾರಾಳವಾಗಿ ಹಾಕಿದರೂ ಹತ್ತೊಂಬತ್ತು. ಅಕ್ಷರಮಾಲೆಯ ಪಟದಲ್ಲಿ ಸ್ವರಗಳನ್ನೆಲ್ಲ ಗೆದ್ದಲು ತಿಂದು, ಕನ್ನಡ ನೇರ 'ಕ'ದಿಂದಲೇ ಶುರುವಾಗುತ್ತಿತ್ತು. ಶೌಚಾಲಯದ ತುಂಬ ಸೌದೆ, ತೆಂಗಿನ ಸಿಪ್ಪೆ. ಡೈರಿಯ ಆ ಮನೆಯಲ್ಲಿ ದುಂಡಗೆ ಸೊನ್ನೆ ಬರೆದೆ.

ಹನ್ನೊಂದು ಗಂಟೆಗೆ ಅಲ್ಲಿಯ ಸಹಾಯಕಿ ನಾಗಕ್ಕ ಚಪ್ಪಾಳೆ ತಟ್ಟಿದಳು. "ಬರ್ರೋ ಮಕ್ಳೇ, ಮರಕ್ಕೆ ಬಾಯಾರಿಕೆ ಆಗಿದ್ಯಂತೆ!"

ಮಕ್ಕಳೆಲ್ಲ ಎದ್ದು ಹಿತ್ತಲಿಗೆ ಓಡಿದವು. ಅಲ್ಲೊಂದು ತೆಂಗಿನಮರ, ನಡುವೆ ಗರಿಯ ತಟ್ಟಿ. ಆಚೆ ಗಂಡುಮಕ್ಕಳು, ಈಚೆ ಹೆಣ್ಣುಮಕ್ಕಳು. ಸಾನ್ವಿ ನನ್ನ ಮುಖ ನೋಡಿದಳು, ಖಾಲಿಯಾದ ಕೋಣೆ ನೋಡಿದಳು, ಕೊನೆಗೆ ತಾನೂ ಓಡಿದಳು. ಸ್ವಲ್ಪ ಹೊತ್ತಿಗೆ ಗೆದ್ದವಳ ಹಾಗೆ ಬಂದು, "ಆಯೀ, ನಾನೂ ಹಾಕ್ದೆ!" ಎಂದಳು.

ನನ್ನ ಎದೆಯಿಂದ ಕಲ್ಲು ಇಳಿಯಿತು. ಆದರೂ ಓದಿದವಳಲ್ಲವೇ, ಸುಮ್ಮನಿರಲಾರದೆ, "ನಾಗಕ್ಕಾ, ಸ್ವಚ್ಛತೆ ಅಂತ ಒಂದಿರ್ತದಲ್ಲ..." ಎಂದು ರಾಗ ಎಳೆದೆ.

"ಈಗ ನೆನಪಾಯ್ತನೇ ನಿಂಗೆ ಸ್ವಚ್ಛತೆ?" ಎಂದಳು. "ಇಲ್ಲೇ ಕೂತು ಕಲ್ತವ್ಳಲ್ದಾ ನೀನು? ನೀ ಬರೂವಾಗ ಈ ಮರ ನನ್ನ ಮೊಣಕಾಲಿಗೆ ಬತ್ತಿತ್ತು. ಇಷ್ಟುದ್ದ ಆದದ್ದು ಯಾರ ದೆಸೆಯಿಂದ, ಹೇಳು ಕಾಂಬ!"

ಅಕ್ಕೋರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಆ ವಯಸ್ಸಿನಲ್ಲಿ ನಾನು ಡೈರಿ ಬರೆಯುತ್ತಿರಲಿಲ್ಲವಾದ್ದರಿಂದ ಅಲ್ಲಗಳೆಯಲು ದಾಖಲೆ ಇರಲಿಲ್ಲ.

ಸಾನ್ವಿ ಭಾವಿಕೇರಿಯಲ್ಲೇ ಉಳಿದಳು. ಜ್ವರ ಮರಳಿ ಬರಲಿಲ್ಲ, ನಾನು ಕೆಲಸಕ್ಕೆ ಮರಳಿದೆ. ಮೊನ್ನೆ ಶನಿವಾರ ಅವಳನ್ನು ಕರೆದುಕೊಂಡು ಬರಲು ಬಿಸಿಲಲ್ಲಿ ಬೆವರುತ್ತ ಹೋದಾಗ ನಾಗಕ್ಕ ಎಳನೀರು ಕೆತ್ತಿ ಕೈಗಿಟ್ಟಳು. ನಾನು ಎಳನೀರು ನೋಡಿದೆ. ಕತ್ತೆತ್ತಿ ಮರ ನೋಡಿದೆ.

"ಕುಡಿ ಆಯೀ, ನಂದೇ ಮರ" ಎಂದಳು ಮಗಳು.

ತೆಂಗು ವಿಚಿತ್ರ ಮರ. ಕರಾವಳಿಯವರು ಅದರ ಬುಡಕ್ಕೆ ಉಪ್ಪು ಸುರಿಯುತ್ತಾರೆ, ಅದು ತುದಿಯಲ್ಲಿ ಸಿಹಿನೀರು ಹಿಡಿದು ನಿಲ್ಲುತ್ತದೆ. ಎರಡು ತಲೆಮಾರಿನ ಮಕ್ಕಳು ಕೊಟ್ಟದ್ದನ್ನೂ ಅದು ಹಾಗೆಯೇ ತೆಗೆದುಕೊಂಡಿರಬೇಕು. ಕಣ್ಣುಮುಚ್ಚಿ ಕುಡಿದೆ. ಸುಳ್ಳು ಯಾಕೆ, ಸಕ್ಕರೆಯಂತಿತ್ತು.

ಅಲ್ಲೇ ಕಟ್ಟೆಯ ಮೇಲೆ ಕೂತು ಡೈರಿ ತೆಗೆದೆ. ಭಾವಿಕೇರಿಯ ಸೊನ್ನೆಯನ್ನು ಹೊಡೆದುಹಾಕಲಿಲ್ಲ. ಅದರ ಎಡಕ್ಕೆ ಒಂದು ಗೆರೆ ಎಳೆದು ಹತ್ತು ಮಾಡಿದೆ. ಒಟ್ಟು ಇಪ್ಪತ್ತೊಂಬತ್ತಾಯಿತು. ಎಷ್ಟು ಕೂಡಿಸಿದರೂ ಇನ್ನೂ ಮೂರನೆಯ ಸ್ಥಾನವೇ.

ಇರಲಿ. ಮನೆಗೆ ಬಂದು ಹಳೆಯ ಡೈರಿ ತೆಗೆದು ನೋಡಿದೆ. ನೋಡಲು ಬಂದವರ ಅಂಕಪಟ್ಟಿಯಲ್ಲಿ ನನ್ನ ಗಂಡನೂ ಮೂರನೆಯವನೇ.