ಅರ್ಧ ಸುತ್ತಿನ ಲೆಕ್ಕ

ತಮ್ಮನಿಗೆ ಮೈಸೂರಿನಲ್ಲಿ ಎಂ.ಎಸ್ಸಿ. ಸೀಟು ಸಿಗಬೇಕಾದರೆ ಒಬ್ಬ ಗಣಿತದ ಮೇಷ್ಟ್ರ ಶಿಫಾರಸು ಬೇಕಾಗಿತ್ತು. ಅವರು ಗುಂಡ್ಲುಪೇಟೆಗೆ, ಹೆಂಡತಿಯ ತವರುಮನೆಗೆ ಬಂದಿದ್ದಾರೆಂದು ತಿಳಿದು, ಚಾಮರಾಜನಗರದಿಂದ ಪೆಟ್ರೋಲ್ ಬದಲು ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಅವನನ್ನು ಕರೆದುಕೊಂಡು ಹೋದೆ.

ಮೇಷ್ಟ್ರು ಒಂದು ಇಂಟಿಗ್ರಲ್ ಕೊಟ್ಟರು. ಎರಡೂ ಕಡೆ ಕೊನೆಯಿಲ್ಲದ ಗೆರೆಯ ಲೆಕ್ಕವಂತೆ. ಗೆರೆ ಹಿಡಿದು ಹೋಗಿ, ಮೇಲೆ ದೊಡ್ಡ ಅರ್ಧಚಂದ್ರದ ಹಾಗೆ ಸುತ್ತಿ ಬಂದರೆ, ಒಳಗೆ ಸಿಕ್ಕ ಒಂದೇ ಬಿಂದು ಉತ್ತರ ಹೇಳುತ್ತದಂತೆ. ತಮ್ಮ ಸರಸರನೆ ‘ಪೈ’ ಎಂದು ಬರೆದ.

“ಉತ್ತರ ಸರಿ” ಎಂದ ಮೇಷ್ಟ್ರು ಇಡೀ ಹಾಳೆಗೆ ಅಡ್ಡಗೀಟು ಎಳೆದರು.

ನನಗೆ ಮೈಯೆಲ್ಲ ಉರಿಯಿತು. “ಸರಿ ಅಂದ್ಬುಟ್ಟು ಗೀಟು ಯಾಕೆ ಸ್ವಾಮಿ? ಹಳ್ಳಿ ಹೈದ ಅಂತಲಾ?”

“ಅರ್ಧಚಂದ್ರದ ಹಾಗೆ ಸುತ್ತಿ ಬಂದ ದಾರಿಯಿಂದ ಉತ್ತರಕ್ಕೆ ಸೇರುವ ಪಾಲು ಸೊನ್ನೆಯಾಗುತ್ತೆ ಅಂತ ತೋರಿಸಿಲ್ಲ, ಯಜಮಾನ್ರೇ.”

“ಅದು ಎಲ್ರಿಗೂ ಗೊತ್ತು ಕಣಣ್ಣ, ಬರಿಯಾಕೆ ಬೇಜಾರಾಯ್ತು” ಎಂದ ತಮ್ಮ.

ನನ್ನ ಉರಿ ಅವನ ಕಡೆ ತಿರುಗಿತು. “ಶಿವನ ಗುಡೀಲಿ ಅಭಿಷೇಕದ ನೀರು ಹರಿಯೋ ಸೋಮಸೂತ್ರದ ಗಂಟ ಓಗಿ, ದಾಟ್ದೆ ಹಿಂದಕ್ಕೆ ಬತ್ತೀವಿ. ಬೇಜಾರು ಅಂತ ನಂದಿ ಮುಂದ್ಲೇ ನಿಂತ್ಕಂಡು ಸುತ್ತಾಯ್ತು ಅಂತೀಯೇನ್ಲಾ? ಬರಿ!”

ಬರೆದ. ಶಿಫಾರಸೂ ಸಿಕ್ಕಿತು. ಮೇಷ್ಟ್ರ ಮೇಲಿನ ಕೋಪ ಮಾತ್ರ ಇನ್ನೂ ಇಳಿದಿಲ್ಲ. ತಪ್ಪು ಮಾಡಿದವರನ್ನಾದರೆ ಕ್ಷಮಿಸಬಹುದು.